ಗುರುಸ್ಮರಣೆಯ ಒಂದು ಧ್ವನಿಮುದ್ರಿಕೆ

ಜಾಝ್ ಎಂಬ ಶಬ್ದವು ನಮ್ಮ ಮನಗೂಳಿಯಲ್ಲಿ ಸುಲಭವಾಗಿ ಕೇಳಿಬರುವಂಥದಲ್ಲ. ನಮ್ಮ ಊರಿನ ಕಿವಿಗೆ ರೂಢಿಯಾದದ್ದು ಜಾತ್ರೆಯ ಕರಡಿ ಮಜಲು, ಮದುವೆಯ ಸನಾದಿ, ಗುಡಿಯ ಭಜನೆಯ ಏಕತಾರಿ. ಅದರಲ್ಲಿಯೂ ಮೂವತ್ತನಾಲ್ಕು ವರ್ಷಗಳ ವರೆಗೆ ಹುಡುಗರಿಂದ ರಾಮಶಬ್ದವನ್ನು ಬಾಯಿಪಾಠ ಮಾಡಿಸುತ್ತ ಬಂದ ನನ್ನಂಥ ನಿವೃತ್ತ ಸಂಸ್ಕೃತ ಶಿಕ್ಷಕನು ಅಮೇರಿಕದ ಆಫ್ರಿಕಮೂಲದ ಜನರಲ್ಲಿ ಹುಟ್ಟಿ ಬೆಳೆದ ಈ ಸಂಗೀತದ ವಿಷಯವಾಗಿ ಲೇಖನಿಯನ್ನು ಹಿಡಿದನೆಂದರೆ ವಾಚಕರು ನಗಬಹುದು. ನಗಲಿ. ನನ್ನನ್ನೂ ನನ್ನ ಸಹಪಾಠಿಗಳನ್ನೂ ಎರಡು ವರ್ಷ ಕಾಡಿದ ಒಂದು ಪ್ರಶ್ನೆಗೆ ಉತ್ತರವು ನಾವು ಎಂದೂ ನೋಡದ ಆ ದಿಕ್ಕಿನಿಂದ ಬಂದಿತು. ಅದು ಬಂದ ಬಗೆಯನ್ನು ಬರೆದಿಡುವದು ಯುಕ್ತವೆಂದು ತೋರಿದ್ದರಿಂದ ಈ ಲೇಖನ.

ಮೊದಲು ಪ್ರಶ್ನೆಯನ್ನು ಹೇಳುವೆನು. ನಾವು ಬಾಲ್ಯದಲ್ಲಿ ಓದಿದ ಪಾಠಶಾಲೆಯ ಗುರುಗಳು ಕಾಲವಾಗಿ ಬಹಳ ವರ್ಷಗಳಾದವು. ಅವರ ಜನ್ಮಶತಾಬ್ದಿಯು ಬಂದಾಗ, ಏನಾದರೊಂದು ಸ್ಮಾರಕವಾಗಬೇಕೆಂದು ಶಿಷ್ಯರಲ್ಲಿ ವಿಚಾರ ಹೊರಟಿತು. ಕೆಲವರು ಭಾವಚಿತ್ರವೆಂದರು, ಕೆಲವರು ಸಂಸ್ಮರಣಗ್ರಂಥವೆಂದರು. ಆದರೆ ಗುರುಗಳನ್ನು ಬಲ್ಲವರಿಗೆಲ್ಲ ಗೊತ್ತಿದ್ದ ಮಾತೊಂದಿತ್ತು: ಅವರ ನಿಜವಾದ ಸಂಪತ್ತು ಅವರ ವಾಚನ. ಅವರು ಮೇಘದೂತವನ್ನು ಓದತೊಡಗಿದರೆ ಅರ್ಥ ತಿಳಿಯದ ಹುಡುಗನೂ ಆಕಾಶದ ಕಡೆಗೆ ನೋಡುತ್ತಿದ್ದನು. ಆ ದನಿಯನ್ನು ಯಾರೂ ಯಂತ್ರದಲ್ಲಿ ಹಿಡಿದಿಡಲಿಲ್ಲ. ಅದು ಉಳಿದಿದ್ದರೆ ನಮ್ಮ ಏಳು ಜನ ಮುದುಕರ ಕಂಠದಲ್ಲಿ ಉಳಿದಿರಬೇಕು, ಅಷ್ಟೇ.

ದನಿಯ ಹಣೆಬರಹವೇ ಹೀಗೆ. ನಮ್ಮ ಮನಗೂಳಿಗೆ ಹಳೆಯ ಶಾಸನಗಳಲ್ಲಿ ಮಣಿಂಗವಳ್ಳಿ ಎಂದು ಹೆಸರು. ಹನ್ನೆರಡನೆಯ ಶತಮಾನದ ಇಲ್ಲಿಯ ಶಾಸನದಲ್ಲಿ ಕೌಮಾರ ವ್ಯಾಕರಣವನ್ನು ಕಲಿಸುವ ಉಪಾಧ್ಯಾಯರಿಗೆ ಭೂಮಿಯನ್ನು ಬಿಟ್ಟ ವಿಷಯವಿದೆ. ಶಾಲೆಯಿಂದ ಮನೆಗೆ ನಡೆದು ಬರುವಾಗ ಆ ಅಜ್ಞಾತ ಉಪಾಧ್ಯಾಯನನ್ನು ನಾನು ಅನೇಕ ಸಲ ನೆನೆದಿರುವೆನು. ಕಲ್ಲು ಅವನ ಹೊಲವನ್ನು ಎಂಟುನೂರು ವರ್ಷಗಳಾಚೆಗೆ ಮುಟ್ಟಿಸಿತು. ಅವನು ಸೂತ್ರವನ್ನು ಹೇಗೆ ಉಚ್ಚರಿಸುತ್ತಿದ್ದನೆಂಬದನ್ನು ಮುಟ್ಟಿಸಲಾರದೆ ಹೋಯಿತು.

ಆದ ಕಾರಣ ಸ್ಮಾರಕವೆಂದರೆ ವಾಚನದ ಧ್ವನಿಮುದ್ರಿಕೆಯೇ ಆಗತಕ್ಕದ್ದೆಂದು ಒಮ್ಮತವಾಯಿತು. ಒಮ್ಮತವು ಅಲ್ಲಿಗೇ ಮುಗಿಯಿತು. ಹೇಗೆ ಓದಬೇಕು? ನಮ್ಮಲ್ಲೊಬ್ಬರು ಗುರುಗಳ ದನಿಯನ್ನು ಯಥಾವತ್ತಾಗಿ ತೆಗೆಯಬಲ್ಲರು. ಕಣ್ಣು ಮುಚ್ಚಿ ಕೇಳಿದರೆ ಗುರುಗಳೇ ಎದ್ದು ಬಂದಂತೆ ತೋರುವದು, ನಡುವೆ ಬರುವ ಕೆಮ್ಮು ಕೂಡ ತಪ್ಪದು. ಅವರೊಬ್ಬರೇ ಓದಲಿ ಎಂಬದು ಒಂದು ಪಕ್ಷ. ಇನ್ನೊಬ್ಬರದು ಸಂಪ್ರದಾಯಪಕ್ಷ. ಗುರುಗಳಿಗೆ ದಮ್ಮಿನ ವ್ಯಾಧಿ ಇತ್ತು. ಮಂದಾಕ್ರಾಂತಾ ವೃತ್ತದಲ್ಲಿ ಮೊದಲಿನ ನಾಲ್ಕು ಗುರುಗಳು ಮುಗಿದ ಮೇಲೆ ಯತಿ; ಅಲ್ಲಿಂದ ಮುಂದೆ ಐದು ಲಘುಗಳು ಸಾಲಾಗಿ ಓಡುವವು. ಆ ಓಟದ ನಡುವೆ, ಯಾವ ಛಂದಶ್ಶಾಸ್ತ್ರವೂ ಹೇಳದ ಸ್ಥಳದಲ್ಲಿ, ಗುರುಗಳು ಉಸಿರು ತೆಗೆದುಕೊಳ್ಳುತ್ತಿದ್ದರು. ಈ ಮಹನೀಯರು ಆ ಉಸಿರನ್ನೂ ಪಾಠಕ್ರಮವೆಂದು ಇಂದಿಗೂ ಪಾಲಿಸಿಕೊಂಡು ಬಂದಿರುವರು. ಮೂರನೆಯ ಪಕ್ಷವು ನಮ್ಮದು ನಮ್ಮ ಕಂಠ, ಅದರಲ್ಲಿ ಗುರುಗಳು ಎಷ್ಟಿರುವರೋ ಅಷ್ಟು ಬರಲಿ ಎಂಬದು. ಇದಕ್ಕೆ ಹಾಗಾದರೆ ಅದು ಗುರುಸ್ಮರಣೆ ಹೇಗಾಯಿತೆಂದು ಉಳಿದವರ ಆಕ್ಷೇಪ.

ಇಷ್ಟು ಸಾಲದೆಂಬಂತೆ ಒಬ್ಬ ತರುಣ ಶಿಕ್ಷಕನು ಒಳ್ಳೆಯ ಮನಸ್ಸಿನಿಂದಲೇ ಒಂದು ಸೂಚನೆಯನ್ನು ತಂದನು. ಏಳು ಜನರು ಏಳು ಊರುಗಳಲ್ಲಿರುವರು. ಒಬ್ಬರು ಪುಣೆ, ಒಬ್ಬರು ಸೊಲ್ಲಾಪುರ, ಒಬ್ಬರು ಹುಬ್ಬಳ್ಳಿ. ಮುದುಕರಿಗೆ ಪ್ರವಾಸದ ತ್ರಾಸು ಯಾತಕ್ಕೆ? ಅವರವರ ಮನೆಯಲ್ಲಿ ಮೊಬೈಲಿನಲ್ಲಿಯೇ ಓದಿ ಕಳಿಸಲಿ. ವಿಜಯಪುರದಲ್ಲಿ ಗಣಕಯಂತ್ರದ ಮೇಲೆ ಜೋಡಿಸಿ, ತಪ್ಪಿದ್ದಲ್ಲಿ ತಿದ್ದಿ, ಒಂದು ಮಾಡಿದರಾಯಿತು. ಖರ್ಚೂ ಕಡಿಮೆ. ಇದಕ್ಕೆ ಯಾರೂ ಎದುರು ಹೇಳಲಾರದೆ ಹೋದರು. ಆದರೆ ಮನಸ್ಸಿನಿಂದ ಹೂಂ ಅಂದವರೂ ಇರಲಿಲ್ಲ.

ಹೀಗಿರುವಾಗ ದೀಪಾವಳಿಗೆ ನನ್ನ ತಂಗಿಯ ಮಗನು ಬೆಂಗಳೂರಿನಿಂದ ಬಂದನು. ಅವನದು ಗಣಕಯಂತ್ರದ ಉದ್ಯೋಗ. ರವಿವಾರ ಬಂದರೆ ನಾಲ್ವರು ಗೆಳೆಯರೊಡನೆ ಕೂಡಿ ಸ್ಯಾಕ್ಸೋಫೋನ್ ಊದುವನು. ನಮ್ಮ ವಾದವನ್ನು ಪಡಸಾಲೆಯ ಕಂಬಕ್ಕೆ ಒರಗಿ ಕೇಳುತ್ತಿದ್ದವನು ನಕ್ಕು, “ಮಾಮಾ, ನಮ್ಮೊಳಗೂ ಇದೇ ಜಗಳ ನಡದದ ನೋಡ್ರಿ” ಎಂದನು. ಅವರು ಐವರೂ ತಮ್ಮ ವಾದ್ಯಪರಂಪರೆಯ ಒಬ್ಬ ಮಹಾಪುರುಷನ ಸ್ಮರಣಾರ್ಥ ಒಂದು ಧ್ವನಿಮುದ್ರಿಕೆಯನ್ನು ಸಿದ್ಧಪಡಿಸಬೇಕೆಂದಿದ್ದರಂತೆ. ಆ ಪುರುಷನ ಹೆಸರು ಚಾರ್ಲಿ ಪಾರ್ಕರ್.

ಸ್ಯಾಕ್ಸೋಫೋನ್ ಎಂಬ ವಾದ್ಯವು ಕನ್ನಡಿಗರಿಗೆ ತೀರ ಪರಕೀಯವಲ್ಲ. ಅಡಾಲ್ಫ್ ಸ್ಯಾಕ್ಸ್ ಎಂಬ ಬೆಲ್ಜಿಯಂ ದೇಶದವನು ಪ್ಯಾರಿಸ್ಸಿನಲ್ಲಿ 1846ರಲ್ಲಿ ಇದರ ಹಕ್ಕನ್ನು ಪಡೆದನು. ಮೈಯೆಲ್ಲ ಹಿತ್ತಾಳೆ; ಆದರೆ ಬಾಯಲ್ಲಿ ಸನಾದಿಗಿರುವಂತೆ ಜೊಂಡಿನ ನಾಲಿಗೆ. ಬಂಟ್ವಾಳ ತಾಲೂಕಿನಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ನಾಗಸ್ವರದ ಮನೆತನದವರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯವನ್ನು ಕಂಡು ಮರುಳಾಗಿ, ಕರ್ನಾಟಕ ಸಂಗೀತದ ಗಮಕಗಳೆಲ್ಲ ಅದರಲ್ಲಿ ನುಡಿಯುವಂತೆ ವರ್ಷಾನುವರ್ಷ ದುಡಿದು, 1994ರಲ್ಲಿ ಲಂಡನ್ನಿನ ಪ್ರಾಮೆನೇಡ್ ಸಂಗೀತೋತ್ಸವದ ವರೆಗೆ ಅದನ್ನು ಒಯ್ದರು. ಅವರು 2019ರಲ್ಲಿ ತೀರಿಕೊಂಡರು. ಅವರ ಹೆಸರು ಈ ಕಥೆಯಲ್ಲಿ ಮತ್ತೊಮ್ಮೆ ಬರುವದು.

ಪಾರ್ಕರನಾದರೋ 1920ರಲ್ಲಿ ಕ್ಯಾನ್ಸಸ್ ನಗರದಲ್ಲಿ ಹುಟ್ಟಿ 1955ರಲ್ಲಿ, ಮೂವತ್ತೈದು ತುಂಬುವ ಮೊದಲೇ, ಮಡಿದನು. ‘ಬರ್ಡ್’, ಅಂದರೆ ಹಕ್ಕಿ, ಎಂದು ಅವನಿಗೆ ಅಡ್ಡಹೆಸರು. ಜಾಝ್ ಸಂಗೀತದಲ್ಲಿ ಒಂದು ಹಾಡಿನ ಸ್ವರಮೇಳಗಳ ಕ್ರಮವು ಎಲುಬಿನ ಹಂದರವಿದ್ದಂತೆ. ರಾಗವು ಅದರ ಮೇಲಣ ಮಾಂಸ. ಜನರೆಲ್ಲ ಬಲ್ಲ ಹಾಡಿನ ಹಂದರವನ್ನು ಹಾಗೆಯೇ ಇಟ್ಟುಕೊಂಡು ಅದಕ್ಕೆ ಪೂರ್ಣ ಹೊಸದಾದ ರಾಗವನ್ನು ಹೊದಿಸುವದರಲ್ಲಿ ಪಾರ್ಕರನು ಅದ್ವಿತೀಯನು. ‘ಚೆರೋಕೀ’ ಎಂಬ ಪ್ರಸಿದ್ಧ ಹಾಡಿನ ಹಂದರದ ಮೇಲೆ ಅವನು 1945ರ ನವೆಂಬರ್ 26ರಂದು ನ್ಯೂಯಾರ್ಕಿನ ಸ್ಟುಡಿಯೋ ಒಂದರಲ್ಲಿ ‘ಕೋಕೋ’ ಎಂಬದನ್ನು ಮುದ್ರಿಸಿದನು. ಮೂರು ನಿಮಿಷವೂ ಇಲ್ಲದ ಆ ಪ್ಲೇಟು ಜಾಝಿನ ದಾರಿಯನ್ನೇ ತಿರುಗಿಸಿತೆಂದು ಬಲ್ಲವರ ಅಭಿಪ್ರಾಯ. ನಮ್ಮಲ್ಲಿ ಸಮಸ್ಯಾಪೂರಣವೆಂಬದೊಂದು ಇದೆಯಷ್ಟೆ? ಕೊಟ್ಟ ಚರಣವು ಪರರದು, ಮಿಕ್ಕ ಮೂರು ಚರಣ ಸ್ವಂತದವು. ಪಾರ್ಕರನ ಪದ್ಧತಿಯು ನನಗೆ ಆ ಮೂಲಕವೇ ತಿಳಿಯಿತು.

ಇಂಥವನಿಗೆ ಗೌರವವನ್ನು ಸಲ್ಲಿಸುವದು ಹೇಗೆ? ಅವನ ಭಕ್ತರು ನಾನಾ ಬಗೆಯಲ್ಲಿ ಸಲ್ಲಿಸಿರುವರು. ಡೀನ್ ಬೆನೆಡೆಟ್ಟಿ ಎಂಬ ವಾದಕನು 1947–48ರಲ್ಲಿ ಪಾರ್ಕರನು ನುಡಿಸುವಲ್ಲಿಗೆಲ್ಲ ಯಂತ್ರವನ್ನು ಹೊತ್ತುಕೊಂಡು ಹೋಗಿ ಅವನ ವಾದನವನ್ನು ಹಿಡಿದಿಟ್ಟನು. ಆದರೆ ಪಾರ್ಕರನ ಸರದಿ ಮುಗಿದು ಇನ್ನೊಬ್ಬನು ನುಡಿಸತೊಡಗಿದ ಕೂಡಲೇ ಯಂತ್ರವನ್ನು ನಿಲ್ಲಿಸಿಬಿಡುತ್ತಿದ್ದನು. ಆ ತುಣುಕುಗಳು 1990ರಲ್ಲಿ ಪ್ರಕಟವಾದವು. ಪ್ರತಿಯೊಂದು ಸ್ವರವೂ ಪಾರ್ಕರನದೇ ನಿಜ. ಆದರೆ ಅವನು ಯಾರ ಮಾತಿಗೆ ಉತ್ತರವಾಗಿ ಅದನ್ನು ನುಡಿದನೆಂಬದು ಎಷ್ಟೋ ಕಡೆಗೆ ಕತ್ತರಿಸಿಹೋಗಿದೆ. ಮುಂದೆ ‘ಸೂಪರ್‌ಸ್ಯಾಕ್ಸ್’ ಎಂಬ ಮೇಳವು ಪಾರ್ಕರನು ಆಯಾ ಕ್ಷಣಕ್ಕೆ ಸ್ಫುರಿಸಿ ನುಡಿಸಿದ್ದನ್ನು ಸ್ವರ ತಪ್ಪದಂತೆ ಬರೆದುಕೊಂಡು, ಐದು ಸ್ಯಾಕ್ಸೋಫೋನುಗಳಿಗೆ ಹಂಚಿ ನುಡಿಸಿತು. 1973ರ ಅವರ ಧ್ವನಿಮುದ್ರಿಕೆಗೆ ಅಮೇರಿಕದ ಗ್ರ್ಯಾಮಿ ಪುರಸ್ಕಾರವೂ ದೊರೆಯಿತು.

ನನ್ನ ಸೋದರಳಿಯನು ನನಗೆ ಇವನ್ನೆಲ್ಲ ಕೇಳಿಸಿ ಕೊನೆಗೆ ಮತ್ತೊಂದನ್ನು ಹಚ್ಚಿದನು. 2015ರಲ್ಲಿ ಹೊರಬಂದ ಅದರ ಹೆಸರು ‘ಬರ್ಡ್ ಕಾಲ್ಸ್’, ಅಂದರೆ ಹಕ್ಕಿಯ ಕೂಗುಗಳು. ನುಡಿಸಿದವರ ಹೆಸರನ್ನು ಕೇಳಿ ನಾನು ನೆಟ್ಟಗೆ ಕುಳಿತೆನು: ರುದ್ರೇಶ ಮಹಾಂತಪ್ಪ! ನಮ್ಮ ಊರಿನ ಸಂತೆಯಲ್ಲಿ ‘ಮಹಾಂತಪ್ಪಾ’ ಎಂದು ಕೂಗಿದರೆ ನಾಲ್ವರಾದರೂ ಹೊರಳಿ ನೋಡುವರು. ಕನ್ನಡ ನಾಡಿನಿಂದ ಹೋದ ತಂದೆತಾಯಿಗಳ ಮಗನಾಗಿ 1971ರಲ್ಲಿ ಇಟಲಿಯ ಟ್ರಿಯೆಸ್ಟ್ ಪಟ್ಟಣದಲ್ಲಿ ಹುಟ್ಟಿ, ಅಮೇರಿಕದ ಕೊಲೊರಾಡೋ ಪ್ರಾಂತದಲ್ಲಿ ಬೆಳೆದವರು ಇವರು. ತಂದೆ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ವಿದ್ಯಾರ್ಥಿಯಾಗಿದ್ದಾಗ ಇವರ ಅಣ್ಣನು ವಿನೋದಕ್ಕೆಂದು ಕದ್ರಿ ಗೋಪಾಲನಾಥರ ಧ್ವನಿಮುದ್ರಿಕೆಯೊಂದನ್ನು ತಂದುಕೊಟ್ಟನಂತೆ. ವಿನೋದವು ವಿನೋದವಾಗಿ ಉಳಿಯಲಿಲ್ಲ. 2008ರಲ್ಲಿ ಇವರು ಗೋಪಾಲನಾಥರ ಪಕ್ಕದಲ್ಲಿಯೇ ಕುಳಿತು ‘ಕಿನ್ಸ್‌ಮೆನ್’ ಎಂಬ ಧ್ವನಿಮುದ್ರಿಕೆಯನ್ನು ಹೊರತಂದರು; ಆ ಹೆಸರಿನ ಅರ್ಥ ಬಂಧುಗಳು ಎಂದು.

‘ಬರ್ಡ್ ಕಾಲ್ಸ್’ನಲ್ಲಿ ಪಾರ್ಕರನ ಒಂದು ರಚನೆಯನ್ನೂ ಇದ್ದಂತೆ ನುಡಿಸಿಲ್ಲ. ಅವನ ರಾಗದ ಒಂದು ಎಳೆ, ಅವನ ಸ್ಫೂರ್ತಿವಾದನದ ಒಂದು ಮುರುಕು, ಇಷ್ಟನ್ನೇ ಬೀಜವಾಗಿ ತೆಗೆದುಕೊಂಡು ಹೊಸ ಗಿಡಗಳನ್ನು ಬೆಳೆಸಿರುವರು. ಒಂದೆಡೆಗೆ ಸ್ವರಗಳನ್ನು ಉಳಿಸಿ ಲಯವನ್ನು ಬೇರೆ ಮಾಡಿದರೆ, ಇನ್ನೊಂದೆಡೆಗೆ ಲಯವನ್ನು ಉಳಿಸಿ ಸ್ವರಗಳನ್ನು ಬೇರೆ ಮಾಡಿರುವರು. ಘನಪಾಠದಲ್ಲಿ ಅವೇ ಪದಗಳು ಹಿಂದುಮುಂದಾಗಿ ಹೆಣೆದುಕೊಳ್ಳುವದನ್ನು ಕೇಳಿದವರಿಗೆ ಇದು ವಿಚಿತ್ರವೆನಿಸಲಾರದು. ಹೆಸರುಗಳಲ್ಲಿಯೂ ಒಂದು ಚಮತ್ಕಾರವಿದೆ. ಪಾರ್ಕರನ ರಚನೆ ‘ಇದೇ ಸಮಯ’ ಎಂದರೆ ಇವರದು ‘ಆಮೇಲೆ ನೋಡೋಣ’ ಎನ್ನುವದು. ಪಾರ್ಕರನ ‘ಸ್ಟೀಪಲ್‌ಚೇಸ್’ ಎಂಬುದರ ಪೂರ್ವಪದಕ್ಕೆ ಇಗರ್ಜಿಯ ಶಿಖರವೆಂದು ಅರ್ಥ; ಅದರಿಂದ ಹುಟ್ಟಿದ ತಮ್ಮ ರಚನೆಗೆ ಇವರು ‘ಗೋಪುರಂ’ ಎಂದು ಹೆಸರಿಟ್ಟರು.

ಇದನ್ನು ಕೇಳುತ್ತಿದ್ದಂತೆ, ಗುರುಗಳ ಮುಂದೆ ಚಾಪೆಯ ಮೇಲೆ ಕುಳಿತು ಓದಿದ ಧ್ವನ್ಯಾಲೋಕದ ನಾಲ್ಕನೆಯ ಉದ್ಯೋತವು ನನ್ನ ನೆನಪಿಗೆ ಬಂದಿತು. ಒಬ್ಬ ಕವಿಯ ಕಾವ್ಯವು ಇನ್ನೊಬ್ಬನ ಕಾವ್ಯವನ್ನು ಹೋಲುವದು ಮೂರು ಬಗೆಯೆಂದು ಆನಂದವರ್ಧನನು ಅಲ್ಲಿ ವಿಂಗಡಿಸಿರುವನು. ಕನ್ನಡಿಯಲ್ಲಿಯ ಪ್ರತಿಬಿಂಬದಂತೆ ಹೋಲುವದು ಒಂದು. ಅದಕ್ಕೆ ಸ್ವಂತದ ಆತ್ಮವೇ ಇಲ್ಲ. ಚಿತ್ರದಂತೆ ಹೋಲುವದು ಎರಡನೆಯದು. ಅದರ ಆತ್ಮವು ತುಚ್ಛವಾದದ್ದು. ಒಬ್ಬ ದೇಹಧಾರಿಯನ್ನು ಇನ್ನೊಬ್ಬ ದೇಹಧಾರಿಯು ಹೋಲುವಂತೆ ಹೋಲುವದು ಮೂರನೆಯದು. ತಂದೆಯ ಮೂಗನ್ನು ಮಗನ ಮುಖದಲ್ಲಿ ಕಂಡರೆ ಮಗನು ಕದ್ದನೆಂದು ಯಾರೂ ಅನ್ನರು. ಅವನಿಗೆ ಅವನದೇ ಜೀವವಿದೆ. ಮೊದಲಿನ ಎರಡನ್ನು ಕವಿಯು ಬಿಡತಕ್ಕದ್ದು, ಈ ಮೂರನೆಯ ಹೋಲಿಕೆಯನ್ನು ಬಿಡಬೇಕಾಗಿಲ್ಲವೆಂದು ಆಚಾರ್ಯನ ನಿರ್ಣಯ. ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿ ಆಡಿದ ಆ ಮಾತು ಕ್ಯಾನ್ಸಸ್ಸಿನ ಹಕ್ಕಿಗೂ ಕನ್ನಡ ಮೂಲದ ಅವನ ಏಕಲವ್ಯನಿಗೂ ಸರಿಯಾಗಿ ಕೂಡುವದನ್ನು ಕಂಡು ನನಗೆ ಆದ ಆನಂದವನ್ನು ಪಾಠಶಾಲೆಯಲ್ಲಿ ಓದಿದವರು ಮಾತ್ರ ಊಹಿಸಬಲ್ಲರು.

ನಮ್ಮ ಸೀಮೆಗೂ ಇದು ಹೊಸದಲ್ಲ. ವಿಜಯಪುರದ ನಂಟು ಉಳ್ಳ ನಾಗಚಂದ್ರನು ತನ್ನನ್ನು ಅಭಿನವಪಂಪನೆಂದು ಕರೆದುಕೊಂಡನು. ಆದರೆ ಪಂಪನು ಹೇಳಿದ ಭಾರತವನ್ನು ಮತ್ತೊಮ್ಮೆ ಹೇಳಲು ಹೋಗದೆ, ರಾಮಕಥೆಯನ್ನು ಜೈನ ಸಂಪ್ರದಾಯದಂತೆ ಎತ್ತಿಕೊಂಡು, ಕನಿಕರ ಹುಟ್ಟಿಸುವ ರಾವಣನನ್ನು ನಮಗೆ ಕೊಟ್ಟನು. ಇತ್ತೀಚಿನ ಕಾಲದಲ್ಲಿ, ಅಬ್ದುಲ್ ಕರೀಂ ಖಾನರ ಪ್ಲೇಟನ್ನು ಕೇಳಿ ಗಾನದ ಹುಚ್ಚು ಹತ್ತಿ ಮನೆಬಿಟ್ಟು ಹೊರಟ ಗದುಗಿನ ಹುಡುಗ ಭೀಮಸೇನ ಜೋಶಿಯವರು ಖಾನರ ಶಿಷ್ಯರಾದ ಸವಾಯಿ ಗಂಧರ್ವರ ಬಳಿ ಕುಂದಗೋಳದಲ್ಲಿ ಕಲಿತರು. ಖಾನರದು ಜೇನಿನಂಥ ಸಣ್ಣ ದನಿ, ಜೋಶಿಯವರದು ಗುಡುಗು. ಆದರೂ ಇಬ್ಬರದೂ ಒಂದೇ ಕಿರಾಣಾ. ಗುರುವಿನ ಹೆಸರಿನಲ್ಲಿ ಪುಣೆಯಲ್ಲಿ 1953ರಿಂದ ಅವರು ನಡೆಸಿಕೊಂಡು ಬಂದ ಉತ್ಸವದಲ್ಲಿ ಗುರುವಿನ ದನಿಯನ್ನು ಯಾರೂ ಅನುಕರಿಸಬೇಕಾಗಿರಲಿಲ್ಲ.

ಹೀಗೆ ‘ಹೇಗೆ ಓದಬೇಕು’ ಎಂಬ ಪ್ರಶ್ನೆಯು ಅರ್ಧ ಬಗೆಹರಿಯಿತು. ಎಲ್ಲಿ, ಯಾರ ಜೊತೆ ಓದಬೇಕೆಂಬ ಇನ್ನರ್ಧವು ಬಗೆಹರಿದದ್ದು ಬೆಂಗಳೂರಿನಲ್ಲಿ. ಮಾಘಮಾಸದಲ್ಲಿ ಸೋದರಳಿಯನ ಮೇಳದ ಧ್ವನಿಮುದ್ರಣವು ನಿಶ್ಚಯವಾಯಿತು. ಸ್ಟುಡಿಯೋದಲ್ಲಿಯೇ ಹದಿನೆಂಟು ಜನ ಶ್ರೋತೃಗಳನ್ನು ಕೂಡ್ರಿಸಿಕೊಂಡು, ಎಲ್ಲರೂ ಏಕಕಾಲಕ್ಕೆ ನುಡಿಸಿ, ನುಡಿಸಿದ್ದನ್ನು ನುಡಿಸಿದಂತೆಯೇ ಮುದ್ರಿಸುವದು ಅವರ ಸಂಕಲ್ಪ. ಹದಿನೆಂಟರಲ್ಲಿ ಒಬ್ಬನಾಗಿ ನಾನೂ ರಾತ್ರಿಯ ರೈಲನ್ನು ಹತ್ತಿದೆನು.

ಈಗಿನ ರೂಢಿಯು ಹಾಗಲ್ಲವೆಂದು ತಿಳಿಯಿತು. ಒಬ್ಬೊಬ್ಬ ವಾದಕನು ಒಂದೊಂದು ದಿನ ಬಂದು, ಕಿವಿಗೆ ಯಂತ್ರವನ್ನು ಹಚ್ಚಿಕೊಂಡು, ಅದರಲ್ಲಿ ಬರುವ ಟಿಕ್ ಟಿಕ್ ಸದ್ದಿಗೆ ಸರಿಯಾಗಿ ತನ್ನ ಪಾಲನ್ನು ನುಡಿಸಿ ಹೋಗುವನು. ಉಳಿದವರ ಮುಖವನ್ನು ಅವನು ನೋಡದೆ ಇದ್ದರೂ ಆಗುವದು. ಮೊದಲು ಇದು ಸಾಧ್ಯವೇ ಇರಲಿಲ್ಲ. 1902ರ ನವೆಂಬರದಲ್ಲಿ ಕಲಕತ್ತೆಯಲ್ಲಿ ಗೌಹರಜಾನರು ಗ್ರಾಮಫೋನಿಗೆ ಹಾಡಿದಾಗ ದೊಡ್ಡದೊಂದು ಕಹಳೆಯ ಬಾಯಿಗೆ ಮುಖವೊಡ್ಡಿ ಹಾಡಬೇಕಾಗಿತ್ತು. ಮೂರು ನಿಮಿಷಗಳಲ್ಲಿ ರಾಗ, ತಾನ, ಎಲ್ಲ ಮುಗಿದು, ಕೊನೆಗೆ ತಮ್ಮ ಹೆಸರನ್ನೂ ಅವರೇ ಕೂಗಿ ಹೇಳುತ್ತಿದ್ದರು. ಆ ಗೌಹರಜಾನರು ಮೈಸೂರು ಆಸ್ಥಾನವನ್ನು ಸೇರಿ 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. 1925ರಿಂದ ವಿದ್ಯುತ್ತಿನ ಮೈಕು ಬಂದಿತು. ಎರಡನೆಯ ಮಹಾಯುದ್ಧದ ತರುವಾಯ ಸ್ಟುಡಿಯೋಗಳಿಗೆ ಕಾಂತದ ಪಟ್ಟಿಯು ಬಂದಿತು. ಆ ಪಟ್ಟಿಯಲ್ಲಿ ಬೇರೆಬೇರೆ ಸಾಲುಗಳನ್ನು ತುಂಬಿ ಆಮೇಲೆ ಬೆರೆಸುವ ಪದ್ಧತಿಯು 1960ರ ದಶಕದಲ್ಲಿ ಬಲಿಯಿತು. ಅಲ್ಲಿಯ ವರೆಗಿನ ಪ್ಲೇಟುಗಳಲ್ಲಿ ಹಾಡುವವರೂ ಬಾರಿಸುವವರೂ ಸಾಮಾನ್ಯವಾಗಿ ಒಂದೇ ಕೋಣೆಯ ಗಾಳಿಯನ್ನು ಉಸಿರಾಡಿದವರೇ. ನಮ್ಮ ಮನೆಯಲ್ಲಿ ಬೀಳಗಿಯ ಅಮೀರಬಾಯಿ ಕರ್ನಾಟಕಿಯವರ ಪ್ಲೇಟುಗಳಿದ್ದವು. ಅವರ ದನಿಯ ಹಿಂದೆ ತಬಲಾದವನು ಇರುವ ದೂರವು ಕೂಡ ಕೇಳಿಬರುತ್ತಿತ್ತು.

ಸ್ಟುಡಿಯೋದ ಗೋಡೆಗಳಿಗೆಲ್ಲ ಬಟ್ಟೆ ಹೊದಿಸಿದ ಮೆತ್ತೆಗಳನ್ನು ಬಡಿದಿದ್ದರು. ಮಾತನಾಡಿದರೆ ಮಾತು ಬಾಯಿಯ ಮುಂದೆಯೇ ಬಿದ್ದಂತೆ ಅನಿಸುತ್ತಿತ್ತು. ಐವರೂ ಅರ್ಧಚಂದ್ರಾಕಾರವಾಗಿ, ಒಬ್ಬರಿಗೊಬ್ಬರು ಕಾಣುವಂತೆ ನಿಂತರು: ಸ್ಯಾಕ್ಸೋಫೋನ್, ಟ್ರಂಪೆಟ್, ಪಿಯಾನೋ, ಆಳೆತ್ತರದ ಪಿಟೀಲಿನಂಥ ಡಬಲ್ ಬಾಸ್, ಡ್ರಮ್ಮು. ಡ್ರಮ್ಮಿನ ಅಬ್ಬರಕ್ಕೆ ತಡೆಯೆಂದು ಅದರ ಮುಂದೆ ಎದೆಮಟ್ಟದ ಮರೆಗಳನ್ನಿಟ್ಟರು. ದಪ್ಪ ಗಾಜಿನ ಆಚೆಗೆ ಮುದ್ರಣಕಾರನು. ಅವನು ಬಂದು ನಮಗೆಲ್ಲ ಪಾದರಕ್ಷೆಗಳನ್ನು ಹೊರಗಿಡಲು, ಮೊಬೈಲುಗಳನ್ನು ಬುಟ್ಟಿಯಲ್ಲಿ ಹಾಕಲು, ಹೆಣ್ಣುಮಕ್ಕಳಿಗೆ ಬಳೆಗಳನ್ನು ಸೆರಗಿನಿಂದ ಸುತ್ತಿಕೊಳ್ಳಲು ಹೇಳಿದನು. ಕೊನೆಗೆ ಪಂಖ, ತಂಪುಯಂತ್ರ ಎಲ್ಲವನ್ನೂ ನಿಲ್ಲಿಸಿದರು. ನನ್ನ ಖುರ್ಚಿಯು ಕಿರುಗುಟ್ಟುತ್ತಿದ್ದುದರಿಂದ ನಾನು ನೆಲದ ಮೇಲೆಯೇ ಕುಳಿತೆನು. ಕೆಂಪು ದೀಪ ಹೊತ್ತಿತು. ಗರ್ಭಗುಡಿಯ ಬಾಗಿಲು ತೆರೆಯುವ ಮುಂಚಿನ ನಿಶ್ಶಬ್ದವನ್ನು ಬಲ್ಲವರಿಗೆ ಆ ನಿಶ್ಶಬ್ದವನ್ನು ವಿವರಿಸಬೇಕಾಗಿಲ್ಲ.

ಅವರ ಸಂಗೀತದ ಸೂಕ್ಷ್ಮಗಳನ್ನು ಹೇಳುವ ಅಧಿಕಾರವು ನನಗಿಲ್ಲ. ಕಣ್ಣಿಗೆ ಕಂಡದ್ದನ್ನು 
ಮಾತ್ರ ಹೇಳುವೆನು. ನುಡಿಸುವವನಿಗಿಂತ ಹೆಚ್ಚಾಗಿ ನುಡಿಸದೆ ನಿಂತವರನ್ನೇ ನಾನು ನೋಡಿದೆನು. ಒಬ್ಬನ ಸರದಿ ನಡೆದಾಗ ಉಳಿದವರು ಕಣ್ಣೆತ್ತಿ ಅವನ ಎದೆಯ ಏರಿಳಿತವನ್ನೇ ನೋಡುತ್ತಿದ್ದರು. ಅವನು ಉಸಿರೆಳೆದುಕೊಳ್ಳುವ ಎಡೆಯಲ್ಲಿ ಪಿಯಾನೋದವನು ಒಂದೇ ಸ್ವರವನ್ನು, ನೀರು ಕೊಟ್ಟಂತೆ, ಮುಂದಿಡುತ್ತಿದ್ದನು. ಮೂರನೆಯ ರಚನೆಯಲ್ಲಿ ಟ್ರಂಪೆಟ್ಟಿನ ತರುಣನು ನಡುವೆ ಯಾಕೋ ತಟ್ಟನೆ ನಿಂತುಬಿಟ್ಟನು. ಎರಡು ಮಾತ್ರೆಗಳ ಬಯಲು. ಡ್ರಮ್ಮಿನವನು ಬಾರಿಸಲಿಲ್ಲ, ಕೈಯಲ್ಲಿದ್ದ ತಂತಿಯ ಕುಂಚದಿಂದ ಚರ್ಮವನ್ನು ಮೆಲ್ಲಗೆ ಸವರಿದನು, ಅಷ್ಟೇ. ಆ ಸವರಿಕೆಯ ಮೇಲೆ ಕಾಲಿಟ್ಟು ನನ್ನ ಸೋದರಳಿಯನು ಮುಂದೆ ನಡೆದನು. ಮುಗಿದ ಮೇಲೆ ಅದನ್ನೇ ಮತ್ತೊಮ್ಮೆ ನುಡಿಸಿದರು. ಈ ಸಲ ಎಳ್ಳಷ್ಟೂ ಲೋಪವಾಗಲಿಲ್ಲ.

ಆಮೇಲೆ ಎಲ್ಲರೂ ಗಾಜಿನಾಚೆಯ ಕೋಣೆಗೆ ಹೋಗಿ ಎರಡನ್ನೂ ಕೇಳಿದೆವು. ಟ್ರಂಪೆಟ್ಟಿನ ತರುಣನು ತಲೆ ಬಗ್ಗಿಸಿ, ಮೊದಲಿನದರಲ್ಲಿ ತಾನು ನಿಂತ ಸ್ಥಳಕ್ಕೆ ಎರಡನೆಯದರಿಂದ ತನ್ನ ತುಣುಕನ್ನು ತಂದು ಹಚ್ಚಲಾಗದೆ ಎಂದು ಕೇಳಿದನು. ಮುದ್ರಣಕಾರನು ಯಂತ್ರದಲ್ಲಿ ಟ್ರಂಪೆಟ್ಟಿನ ಮೈಕನ್ನು ಮಾತ್ರ ಉಳಿಸಿ ಮಿಕ್ಕವನ್ನು ಮುಚ್ಚಿ ಕೇಳಿಸಿದನು. ಆಶ್ಚರ್ಯವೇನೆಂದರೆ, ಆ ಒಂದು ಮೈಕಿನಲ್ಲಿಯೇ ಡ್ರಮ್ಮೂ ಇತ್ತು, ಪಿಯಾನೋದ ಹನಿಗಳೂ ಇದ್ದವು, ದೂರದಲ್ಲಿ ಸ್ಯಾಕ್ಸೋಫೋನೂ ಇತ್ತು. ಒಂದೇ ಕೋಣೆಯಲ್ಲಿ ನುಡಿಸಿದರೆ ಪ್ರತಿಯೊಬ್ಬನ ಮೈಕಿನೊಳಗೂ ಉಳಿದವರೆಲ್ಲ ಸೋರಿ ಬರುವರು. ಒಬ್ಬನನ್ನು ತೆಗೆದರೆ ಐವರನ್ನೂ ತೆಗೆದಂತೆ; ತೇಪೆ ಹಚ್ಚಿದರೆ ಹೊಲಿಗೆಯು ಕಾಣುವದು. “ನೋಡ್ರಿ ಮಾಮಾ, ಕೂಡಿ ನುಡಿಸಿದ್ದನ್ನ ಆಮ್ಯಾಲೆ ಬಿಡಿಸಿ ತೆಗೀಲಿಕ್ಕೆ ಬರೂದಿಲ್ಲ. ಇಟ್ಟರ ಪೂರಾ ಇಡಬೇಕು, ಬಿಟ್ಟರ ಪೂರಾ ಬಿಡಬೇಕು” ಎಂದು ಸೋದರಳಿಯನು ನನಗೆ ತಿಳಿಸಿದನು. ಅವರು ಮೊದಲಿನದನ್ನೇ ಇಟ್ಟರು. ಆ ಎರಡು ಮಾತ್ರೆಗಳ ಬಯಲಿನಲ್ಲಿ ಒಬ್ಬನು ಬೀಳುವದೂ ಇನ್ನೊಬ್ಬನು ಕೈಕೊಡುವದೂ ಕೇಳುವಂತಿತ್ತು. ಲೋಪವಿಲ್ಲದ ಎರಡನೆಯದರಲ್ಲಿ ಅದು ಇರಲಿಲ್ಲ.

ಊರಿಗೆ ಮರಳಿದ ಮೇಲೆ ನಾನು ಸಹಪಾಠಿಗಳಿಗೆಲ್ಲ ಪತ್ರ ಬರೆದೆನು. ಒಬ್ಬರು ಯೋಗ್ಯವಾದ ಆಕ್ಷೇಪವನ್ನೇ ಎತ್ತಿದರು: ಅವರದು ಕ್ಷಣಕ್ಷಣಕ್ಕೆ ಹೊಸದನ್ನು ಕಟ್ಟುವ ಸಂಗೀತ, ನಮ್ಮದು ಅಕ್ಷರ ಕದಲದ ಪಾಠ. ಕಾಳಿದಾಸನ ಶ್ಲೋಕದಲ್ಲಿ ಯಾರ ಸ್ಫೂರ್ತಿಗೆ ಎಡೆಯೆಲ್ಲಿ? ನಿಜ. ಅಕ್ಷರ, ಮಾತ್ರೆ, ಯತಿ ಇವುಗಳಲ್ಲಿ ನಮಗೆ ಸ್ವಾತಂತ್ರ್ಯವಿಲ್ಲ, ಇರಲೂಬಾರದು. ಆದರೆ ಗುರುಗಳು ನಮಗೆ ಕಲಿಸಿದ್ದು ಅಕ್ಷರಗಳನ್ನು ಮಾತ್ರವಲ್ಲ. ಅವು ಅಚ್ಚಾದ ಪುಸ್ತಕದಲ್ಲಿಯೂ ಇದ್ದವು. ಅರ್ಥವು ಎಲ್ಲಿ ಭಾರವಾಗುವದೋ ಅಲ್ಲಿ ದನಿಯನ್ನು ಇಳಿಸುವದು, ಸಮಾಸದೊಳಗಿನ ಕೀಲನ್ನು ಕೇಳುವವನಿಗೆ ಕಾಣಿಸುವದು, ಒಬ್ಬನು ಚರಣವನ್ನು ಬಿಟ್ಟ ಸ್ಥಾಯಿಯಲ್ಲಿಯೇ ಇನ್ನೊಬ್ಬನು ಎತ್ತಿಕೊಳ್ಳುವದು: ಇದು ಅವರ ಮಾರ್ಗ. ಅವರ ಕೆಮ್ಮು ಅವರ ಮಾರ್ಗವಲ್ಲ. ಮೊದಲಿನದನ್ನು ಹಿಡಿದರೆ ತುಲ್ಯದೇಹಿಗಳಾಗುವೆವು, ಎರಡನೆಯದನ್ನು ಹಿಡಿದರೆ ಕನ್ನಡಿಯಾಗುವೆವು. ದನಿಯನ್ನು ಯಥಾವತ್ತಾಗಿ ತೆಗೆಯಬಲ್ಲ ಗೆಳೆಯರೇ ಈ ಮಾತಿಗೆ ಎಲ್ಲರಿಗಿಂತ ಮೊದಲು ಒಪ್ಪಿದರು. ತಮ್ಮ ದನಿಯಲ್ಲಿ ಓದೆಂದು ಇಷ್ಟು ವರ್ಷಗಳಲ್ಲಿ ತಮಗೆ ಯಾರೂ ಹೇಳಿರಲಿಲ್ಲವೆಂದು ಅವರು ಬರೆದದ್ದು ನನ್ನ ಮನಸ್ಸಿಗೆ ತಾಗಿತು.

ಐದು ಲಘುಗಳ ನಡುವಿನ ಉಸಿರಿನ ಗತಿ ಏನಾಯಿತೆಂದು ವಾಚಕರು ಕೇಳಬಹುದು. ಅದನ್ನು ಪಾಲಿಸಿಕೊಂಡು ಬಂದವರಿಗೆ ಈಗ ಎಪ್ಪತ್ತಾರು ವರ್ಷ. ಓದಿ ನೋಡಿರೆಂದು ಎದುರಿಗೆ ಕುಳಿತು ಕೇಳಿದಾಗ, ಅವರು ಅಲ್ಲಿ ಉಸಿರೆಳೆಯುವದು ಸಂಪ್ರದಾಯಕ್ಕಾಗಿ ಅಲ್ಲ, ಈಗ ಅವರಿಗೇ ಅಲ್ಲಿ ಉಸಿರು ಸಾಲದೆಂಬದು ಸ್ಪಷ್ಟವಾಯಿತು. ಅದು ಅವರದೇ ಉಸಿರು. ಅದನ್ನು ಬಿಡಿರೆಂದು ಯಾರು ಹೇಳಬೇಕು? ಅವರು ಉಸಿರೆಳೆಯುವಲ್ಲಿ ಪಕ್ಕದವರು ಸ್ವರವನ್ನು ಹಿಡಿದು ನಿಲ್ಲತಕ್ಕದ್ದೆಂದು ಠರಾವಾಯಿತು.

ಏಳೂ ಜನರು ಒಂದೇ ಕೋಣೆಯಲ್ಲಿ ಕೂಡತಕ್ಕದ್ದೆಂಬದೂ ಠರಾವಾಯಿತು. ಆದರೆ ಶ್ರಾವಣದಲ್ಲಿ ಪುಣೆಯ ಗೆಳೆಯರು ತೀರಿಕೊಂಡರು. ಹಳೆಯ ಸೂಚನೆಯ ಪ್ರಕಾರ ಅವರೊಬ್ಬರು ಮಾತ್ರ ಮೊಬೈಲಿನಲ್ಲಿ ಎರಡು ಚರಣಗಳನ್ನು ಓದಿ ಕಳಿಸಿದ್ದರು. ಅದರಲ್ಲಿ ಅವರ ದನಿಯ ಹೊರತು ಬೇರೇನೂ ಕೇಳಿಸದು. ಆ ತರುಣ ಶಿಕ್ಷಕನು ಬಹಳ ಮೃದುವಾಗಿ, ಅದನ್ನು ನಮ್ಮ ಓದಿನ ನಡುವೆ ಯಂತ್ರದಲ್ಲಿ ಸೇರಿಸಲೇ ಎಂದು ಕೇಳಿದನು. ಯಂತ್ರದಲ್ಲಿ ಬೇಡವೆಂದೆವು. ಬರುವ ಕಾರ್ತಿಕದ ಒಂದು ರವಿವಾರ ನಾವು ಆರು ಜನರು ಮನಗೂಳಿಯಲ್ಲಿ ಕೂಡುವವರಿದ್ದೇವೆ. ಪಂಖಗಳನ್ನು ನಿಲ್ಲಿಸಿ, ಹತ್ತಿಪ್ಪತ್ತು ಹುಡುಗರನ್ನು ಎದುರಿಗೆ ಕೂಡ್ರಿಸಿಕೊಂಡು, ಆ ಮೊಬೈಲನ್ನು ನಮ್ಮ ಸಾಲಿನಲ್ಲಿ ಅವರು ಕೂಡ್ರಬೇಕಾಗಿದ್ದ ಸ್ಥಳದಲ್ಲಿಟ್ಟು ನುಡಿಸುವದು. ಅವರ ಎರಡು ಚರಣಗಳು ನಮ್ಮ ಆರೂ ಮೈಕುಗಳೊಳಗೆ ಸೋರಿ ಬರಲಿ. ಮೂರನೆಯ ಚರಣವನ್ನು ಅವರು ಬಿಟ್ಟ ಸ್ಥಾಯಿಯಲ್ಲಿಯೇ ನಾವು ಎತ್ತಿಕೊಳ್ಳುವೆವು.